ರೊಟ್ಟಿ ದುಂಡಗಿರಬೇಕು

ಪ್ರೊಜೆಕ್ಟರ್ ಕೆಲಸಕ್ಕೆ ಹೊಸದಾಗಿ ಬಂದವರು ಈಗಲೂ ಆಗಾಗ ನನ್ನ ಮನೆಗೆ ಬರುತ್ತಾರೆ. ಬಂದವರೆಲ್ಲ ಕೇಳುವುದು ಬೆಳಕು ಎಷ್ಟಿರಬೇಕು, ಯಾವ ಕೇಬಲ್ ಬಾಳಿಕೆ ಬರುತ್ತದೆ ಎನ್ನುವುದನ್ನೇ. ಚಿತ್ರದ ಆಕಾರದ ಬಗ್ಗೆ ಯಾರೂ ಕೇಳುವುದಿಲ್ಲ. ಅದನ್ನು ಈಗ ಯಂತ್ರವೇ ನೋಡಿಕೊಳ್ಳುತ್ತದಂತೆ. ನೋಡಿಕೊಳ್ಳಲಿ, ಸಂತೋಷ. ಆದರೆ ಹೊಸಪೇಟೆಯ ಒಂದು ಅಂಗಡಿಯಲ್ಲಿ ದುಡಿದ ನನಗೂ ನನ್ನ ಸಾಹುಕಾರರಿಗೂ ವರ್ಷಗಟ್ಟಲೆ ಜಗಳ ನಡೆದದ್ದು ಆ ಆಕಾರದ ವಿಷಯಕ್ಕೇ. ಆ ಜಗಳದ ನಡುವೆ ಸಿಕ್ಕು ಸಾಹುಕಾರರ ಮಗಳ ಮದುವೆ ಮುರಿದು ಬೀಳುವುದರಲ್ಲಿತ್ತು. ಈ ಕೆಲಸದಲ್ಲಿ ಬಟನ್ನಿನ ಮೇಲೆ ಬೆರಳಿಡುವ ಮುಂಚೆ ಇದಿಷ್ಟು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಸಾಹುಕಾರರ ಹೆಸರು ವಿರೂಪಾಕ್ಷಪ್ಪ. ಮೂಲತಃ ಅವರದು ಟಾರ್ಪಾಲಿನ ವ್ಯಾಪಾರ. ಗಣಿಯ ಭರಾಟೆ ಶುರುವಾಗಿ ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಬರತೊಡಗಿದ ಮೇಲೆ ಅವರ ಟಾರ್ಪಾಲಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಟಾರ್ಪಾಲಿನ ಜೊತೆಗೆ ಶಾಮಿಯಾನ, ಶಾಮಿಯಾನದ ಜೊತೆಗೆ ಮೈಕು, ಲೈಟು. ನಾನು ಅಲ್ಲಿ ಲೈಟಿನ ವೈರು ಎಳೆಯುವವನಾಗಿ ಸೇರಿದವನು. ಒಂದು ದಿನ ಸಾಹುಕಾರರು ಬೆಂಗಳೂರಿನಿಂದ ಒಂದು ಪೆಟ್ಟಿಗೆ ತಂದು ನನ್ನ ಮುಂದಿಟ್ಟರು.

"ಹನುಮಂತಾ, ಇದು ಪ್ರೊಜೆಕ್ಟರ್ ಅಂತ. ಗಣಿ ಮಂದಿ ಮೀಟಿಂಗಿಗೆಲ್ಲ ಇದನ್ನ ಕೇಳಾಕ ಹತ್ಯಾರ. ಇವತ್ತಿಂದ ಇದು ನಿಂದು."

"ಸಾವ್ಕಾರ್ರೇ, ನನಗಿದು ಬರಂಗಿಲ್ರೀ."

"ನನಗೂ ಬರಂಗಿಲ್ಲ. ಇಬ್ರೂ ಕಲಿಯೋಣು."

ಅವರು ಕಲಿಯಲಿಲ್ಲ. ನಾನು ಕಲಿಯುವುದನ್ನು ಬಿಡಲಿಲ್ಲ. ಟಾರ್ಪಾಲು ಮಾರಿದವರಿಗೆ ಒಂದು ಸ್ವಭಾವ ಬಂದಿರುತ್ತದೆ. ಹೊದಿಕೆಯನ್ನು ನಾಲ್ಕು ಮೂಲೆಗೂ ಎಳೆದು ಬಿಗಿಯಾಗಿ ಕಟ್ಟಬೇಕು, ಎಲ್ಲೂ ಖಾಲಿ ಕಾಣಬಾರದು. ಅದಕ್ಕೆ ಅವರು ಹೇಳುತ್ತಿದ್ದ ಮಾತು ‘ಭರ್ತಿ’. ಲಾರಿ ಭರ್ತಿ, ಗೋದಾಮು ಭರ್ತಿ, ಶಾಮಿಯಾನ ಭರ್ತಿ. ಆ ಕಾಲಕ್ಕೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದೇ ಮಾತಿತ್ತು. ಪರದೆಯೂ ಭರ್ತಿಯಾಗಬೇಕು ಎಂದು ಸಾಹುಕಾರರು ಹಟ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಚಿತ್ರ ಅವರ ಪಾಲಿಗೆ ಬೆಳಕಿನ ಟಾರ್ಪಾಲು, ಅಷ್ಟೇ.

ಮೊದಲ ಪ್ರದರ್ಶನ ಹೊಸಪೇಟೆಯ ಒಂದು ಹೋಟೆಲಿನ ಸಭಾಂಗಣದಲ್ಲಿ. ಅದಿರು ಕೊಳ್ಳುವವರು ದೂರದಿಂದ ಬಂದಿದ್ದರು. ಚಿತ್ರ ಸಣ್ಣದಾಯಿತು ಎಂದು ಸಾಹುಕಾರರು ನನ್ನ ಬೆನ್ನಿಗೆ ತಿವಿಯುತ್ತಲೇ ಇದ್ದರು. ಪ್ರೊಜೆಕ್ಟರನ್ನು ಹಿಂದಕ್ಕೆ ಸರಿಸಿದರೆ ಚಿತ್ರ ದೊಡ್ಡದಾಗುತ್ತದೆ ಎಂದಷ್ಟೇ ನನಗೆ ಗೊತ್ತಿತ್ತು. ಸರಿಸುತ್ತಾ ಸರಿಸುತ್ತಾ ಬಾಗಿಲ ತನಕ ಹೋದೆ. ಚಿತ್ರ ಪರದೆ ದಾಟಿ, ಕಿಟಕಿಯ ಕರ್ಟನ್ ದಾಟಿ, ಪಕ್ಕದಲ್ಲಿ ನಿಂತಿದ್ದ ಮಾಣಿಯ ಬಿಳಿ ಅಂಗಿಯ ಮೇಲೂ ಬಿತ್ತು. ಮಾತಾಡುತ್ತಿದ್ದ ಮ್ಯಾನೇಜರ್ ಕೋಲು ಹಿಡಿದು ಮುಖ್ಯವಾದ ಅಂಕಿಯನ್ನು ತೋರಿಸಹೋದರೆ ಅದು ಮಾಣಿಯ ಹೊಟ್ಟೆಯ ಮೇಲಿತ್ತು. ಬಂದವರು ನಕ್ಕರು. ಸಾಹುಕಾರರು ಮಾತ್ರ ಹೆಮ್ಮೆಯಿಂದ, "ನೋಡು, ಎಷ್ಟು ಭರ್ತಿ ಆಗೇತಿ!" ಎಂದರು. ಲೆನ್ಸಿನ ಸುತ್ತ ಇರುವ ಉಂಗುರ ತಿರುಗಿಸಿದರೆ ನಿಂತಲ್ಲೇ ಚಿತ್ರ ಹಿಗ್ಗುತ್ತದೆ, ಕುಗ್ಗುತ್ತದೆ ಎಂದು ನನಗೆ ತಿಳಿದದ್ದು ಮರುದಿನ, ಒರೆಸುವಾಗ ಕೈ ತಾಗಿ.

ಸಂಡೂರಿನಲ್ಲಿ ಬೇರೆ ಪಾಠ. ಒಂದು ಗಣಿಯ ಕಚೇರಿಯಲ್ಲಿ ಗಿಡ್ಡ ಮೇಜಿನ ಮೇಲೆ ಪ್ರೊಜೆಕ್ಟರ್ ಇಟ್ಟು ಮೂತಿಯನ್ನು ಮೇಲೆತ್ತಿದೆ. ಚಿತ್ರ ಮೇಲೆ ಅಗಲ, ಕೆಳಗೆ ಕಿರಿದು. ಪರದೆಯ ಮೇಲಿನ ಗುಡ್ಡ ತಲೆಕೆಳಗಾದ ಗೋಪುರದಂತೆ ಕಂಡಿತು. ಅಲ್ಲಿನ ಇಂಜಿನಿಯರೊಬ್ಬರು, "ಗುಡ್ಡ ಕಡದು ಕಡದು ಹೆಂಗೂ ಇದೇ ಆಕಾರಕ್ಕ ಬರ್ತೈತಿ, ಬಿಡ್ರಿ" ಎಂದು ನಗಾಡಿದರು. ಅಡುಗೆಮನೆಯಿಂದ ಎರಡು ಮಣೆ ತರಿಸಿ ಯಂತ್ರವನ್ನು ಪರದೆಯ ಮಟ್ಟಕ್ಕೆ ಎತ್ತಿದ ಮೇಲೆ ಗುಡ್ಡ ನೆಟ್ಟಗಾಯಿತು. ಅದನ್ನು ಸರಿಪಡಿಸುವ ಬಟನ್ ಯಂತ್ರದಲ್ಲೇ ಇರುತ್ತದೆ. ಆದರೆ ನನ್ನ ಮಾತು ಕೇಳಿ: ಮಣೆ ಸಿಕ್ಕರೆ ಮೊದಲು ಮಣೆ, ಆಮೇಲೆ ಬಟನ್. ಬಟನ್ನು ಚಿತ್ರವನ್ನು ಹಿಂಡಿ ನೇರ ಮಾಡುತ್ತದೆ, ಮಣೆ ಹಿಂಡುವುದಿಲ್ಲ. ಆವತ್ತೇ ಅರ್ಧದಲ್ಲಿ ಲ್ಯಾಂಪ್ ತಾನಾಗಿ ಆರಿಹೋಯಿತು. ಬಿಚ್ಚಿ ನೋಡಿದರೆ ಗಾಳಿಯ ಜಾಲರಿಯ ತುಂಬ ಅದಿರಿನ ಕೆಂಪು ಧೂಳು, ಕುಂಕುಮದ ಭರಣಿಯಂತೆ. ಆಗ ಊರಿನ ಎಲೆ, ಗೋಡೆ, ಎಮ್ಮೆ ಎಲ್ಲ ಒಂದೇ ಬಣ್ಣದವು. ಯಂತ್ರ ಮಾತ್ರ ಬೇರೆ ಇರಲು ಸಾಧ್ಯವೆ?

ಲ್ಯಾಂಪೆಂದರೆ ಸಾಹುಕಾರರಿಗೆ ಜೀವ. ಅದಕ್ಕೆ ಇಂತಿಷ್ಟು ಆಯುಷ್ಯ, ಆಮೇಲೆ ದುಬಾರಿ ಬೆಲೆಯ ಹೊಸದು ಹಾಕಬೇಕು ಎಂದು ಕಂಪನಿಯವರು ಹೇಳಿದ ದಿನದಿಂದ ಅವರಿಗೆ ನಿದ್ದೆ ಇಲ್ಲ. ಭಾಷಣಕಾರ ನೀರು ಕುಡಿಯಲು ನಿಂತರೂ ಸಾಕು, ಹಿಂದಿನಿಂದ ಕೂಗು ಬರುತ್ತಿತ್ತು: "ಲೇ ಹನುಮಂತಾ, ಲ್ಯಾಂಪ್ ಸುಮ್ನ ಉರಿಯಾಕ ಹತ್ತೇತಿ, ಆರ್ಸು!" ಆರಿಸಿ ಹಚ್ಚುವುದೇ ಲ್ಯಾಂಪಿಗೆ ಹೆಚ್ಚು ಕೇಡು ಎಂದು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ.

ಇನ್ನು ರೊಟ್ಟಿಯ ಕಥೆ. ಗಣಿಯ ದುಡ್ಡು ಇನ್ನೂ ಜೋರಾಗಿ ಹರಿಯುತ್ತಿದ್ದ ದಿನಗಳಲ್ಲಿ ಸಾಹುಕಾರರು ಹೊಸ ಬಗೆಯ ಪ್ರೊಜೆಕ್ಟರನ್ನೂ ಅದಕ್ಕೆ ತಕ್ಕ ಪರದೆಯನ್ನೂ ತಂದರು. ಹಳೆಯದು ಹೆಚ್ಚುಕಡಿಮೆ ಚೌಕ, ಇದು ಅಗಲ. ಆದರೆ ನಮ್ಮ ಊರುಗಳ ಕ್ಯಾಮೆರಾಗಳು, ಕ್ಯಾಸೆಟ್ಟುಗಳು, ಫೋಟೋಗಳು ಎಲ್ಲ ಹಳೆಯ ಚೌಕದ ಅಳತೆಯವೇ. ಅವನ್ನು ಅಗಲದ ಪರದೆಗೆ ಬಿಡಲು ಎರಡೇ ದಾರಿ. ರಿಮೋಟಿನಲ್ಲಿ ‘ನಾರ್ಮಲ್’ ಒತ್ತಿದರೆ ಚಿತ್ರ ಇದ್ದ ಹಾಗೇ ನಡುವೆ ನಿಲ್ಲುತ್ತದೆ, ಎಡಕ್ಕೂ ಬಲಕ್ಕೂ ಕರಿ ಪಟ್ಟಿ ಉಳಿಯುತ್ತದೆ. ‘ಫುಲ್’ ಒತ್ತಿದರೆ ಚಿತ್ರ ಅಡ್ಡಕ್ಕೆ ಎಳೆದುಕೊಂಡು ಪರದೆ ತುಂಬುತ್ತದೆ. ಎತ್ತರ ಅಷ್ಟೇ, ಅಗಲ ಜಾಸ್ತಿ. ಮನುಷ್ಯರು ದಪ್ಪಗಾಗುತ್ತಾರೆ.

ಕಮಲಾಪುರದಲ್ಲಿ ಒಬ್ಬ ಮೇಡಂ ಹಂಪಿಯ ಕೆತ್ತನೆಗಳ ಬಗ್ಗೆ ಮಾತಾಡಲು ಬಂದಿದ್ದರು. ಸಾಹುಕಾರರ ಅಪ್ಪಣೆಯಂತೆ ಫುಲ್ ಇಟ್ಟಿದ್ದೆ. ಛಾವಣಿಯ ಕಲ್ಲಿನ ಕಮಲ ಪರದೆಯ ಮೇಲೆ ಕುಂಬಳಕಾಯಿಯಾಯಿತು. ಮೇಡಂ ಮೆತ್ತಗೆ ಹತ್ತಿರ ಬಂದು, "ಇದು ದುಂಡಗಿರೋದು, ಸ್ವಲ್ಪ ಸರಿ ಮಾಡ್ತೀರಾ?" ಎಂದರು. ನಾನು ಏನೇನೋ ಒತ್ತಿದೆ. ಸರಿಯಾಯಿತೋ ಇಲ್ಲವೋ ನನಗೇ ಗೊತ್ತಾಗಲಿಲ್ಲ, ಮೂಲ ಕಮಲವನ್ನು ನಾನೆಲ್ಲಿ ತಲೆ ಎತ್ತಿ ನೋಡಿದ್ದೆ? ದುಂಡಗಿರುವುದು ಖಾತ್ರಿಯಾಗಿ ಗೊತ್ತಿರುವ ಒಂದು ವಸ್ತು ಬೇಕು ಅನ್ನಿಸಿತು.

ಮನೆಗೆ ಬಂದರೆ ನನ್ನ ಹೆಂಡತಿ ಶಾಂತಾ ರೊಟ್ಟಿ ತಟ್ಟುತ್ತಿದ್ದಳು. ಅವಳ ಜೋಳದ ರೊಟ್ಟಿಯನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಕೈವಾರ ಹಿಡಿದು ನಾನು ಬರೆಯುವ ವೃತ್ತಕ್ಕಿಂತ ಅದು ದುಂಡಗೆ. ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಬಿಳಿ ಬಟ್ಟೆಯ ಮೇಲಿಟ್ಟು, ಸ್ಟೂಲ್ ಹತ್ತಿ, ನೇರ ಮೇಲಿನಿಂದ ಅಂಗಡಿಯ ಕ್ಯಾಮೆರಾದಲ್ಲಿ ಒಂದು ಫೋಟೋ ಹೊಡೆದೆ.

"ಲಗ್ನ ಆಗಿ ಇಷ್ಟು ವರ್ಷ ಆತು, ನಂದೊಂದು ಫೋಟೋ ತೆಗಿಲಿಲ್ಲ. ರೊಟ್ಟೀದು ತೆಗಿತೀರಿ" ಎಂದಳು ಶಾಂತಾ.

ಆಮೇಲೆ ಅವಳದೂ ತೆಗೆದೆನೆನ್ನಿ. ಅಂದಿನಿಂದ ಯಾವ ಸಭೆಗೆ ಹೋದರೂ ಜನ ಸೇರುವ ಮುಂಚೆ ರೊಟ್ಟಿಯ ಚಿತ್ರ ಬಿಡುತ್ತಿದ್ದೆ. ರೊಟ್ಟಿ ದುಂಡಗಿದ್ದರೆ ಲೋಕ ಸರಿಯಿದೆ ಎಂದು ಅರ್ಥ. ಆದರೆ ಅದು ದುಂಡಗಾದ ಕೂಡಲೇ ಎರಡು ಬದಿಗೂ ಕರಿ ಪಟ್ಟಿ ಕಾಣುತ್ತಿತ್ತು, ಸಾಹುಕಾರರ ಮುಖ ಗಂಟಾಗುತ್ತಿತ್ತು.

"ಪರದಿ ಇಷ್ಟಗಲ ತಂದೀನಿ. ಅರ್ಧ ಖಾಲಿ ಬಿಟ್ರ ಮಂದಿ ಏನಂತಾರ?"

"ರೊಟ್ಟಿ ತತ್ತಿ ಆಗ್ತೈತ್ರಿ, ಸಾವ್ಕಾರ್ರೇ."

"ಆಗ್ಲಿ ಬಿಡು. ತಿನ್ನಾಕೇನು ಕೊಡಾಂಗಿಲ್ಲಲ್ಲ!"

ಅವರೊಬ್ಬರನ್ನೇ ದೂರುವಂತಿಲ್ಲ. ಮದುವೆ ಮನೆಯವರೂ ಅವರ ಪಕ್ಷವೇ. ಶುಭಕಾರ್ಯದಲ್ಲಿ ಮದುಮಕ್ಕಳ ಎರಡು ಕಡೆಗೂ ಕರಿ ಪಟ್ಟಿ ಕಂಡರೆ ಹಿರಿಯರು ತಕರಾರು ತೆಗೆಯುತ್ತಿದ್ದರು. ಜೊತೆಗೆ ಫುಲ್ ಇಟ್ಟರೆ ಎಲ್ಲರೂ ಉಂಡು ಸುಖವಾಗಿರುವವರಂತೆ ಕಾಣುತ್ತಿದ್ದರು. ಭರಾಟೆಯ ಕಾಲ, ಯಾರಿಗೆ ಬೇಡ? ನಾನು ಸಂಜೆಗೊಂದು ಸಲ ವಾದ ಮಾಡಿ, ಸೋತು, ಫುಲ್ ಒತ್ತುತ್ತಿದ್ದೆ.

ಹೀಗಿರುವಾಗ ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯ ಮದುವೆಗೆ ಕರೆ ಬಂತು. ಹಳೆಯ ಮನೆತನ, ದೊಡ್ಡ ಬಳಗ. ಆ ಮನೆಯ ಹಿರಿಯ ಮೊಮ್ಮಗನ ಲಗ್ನ. ಶುರುವಿಗೆ, ತೀರಿಹೋಗಿದ್ದ ಅಜ್ಜನ ಫೋಟೋ ತೋರಿಸಬೇಕೆಂದರು. ಯಾವುದೋ ನೆಂಟರ ಮನೆಯ ಟ್ರಂಕಿನಲ್ಲಿ ಹೊಸದಾಗಿ ಸಿಕ್ಕಿದ ಫೋಟೋ ಅದು: ಹರೆಯದ ಅಜ್ಜ ಸೈಕಲ್ ಹಿಡಿದು ಗಿರಣಿಯ ಮುಂದೆ ನಿಂತದ್ದು. ಫೋಟೋ ಪರದೆಯ ಮೇಲೆ ಬಂದದ್ದೇ ಎಲ್ಲರೂ "ಅಜ್ಜಾರು, ಅಜ್ಜಾರು" ಎಂದು ಕೈಮುಗಿದರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಗೌರಮ್ಮಜ್ಜಿ ಕೂತಿದ್ದರು. ಅವರು ಕೈಮುಗಿಯಲಿಲ್ಲ. ಕಣ್ಣು ಮಂಜಾಗಿರಬೇಕು ಅಂದುಕೊಂಡೆ.

ಆಮೇಲೆ ಕ್ಯಾಮೆರಾದ ವೈರನ್ನು ನೇರ ಪ್ರೊಜೆಕ್ಟರಿಗೆ ಕೊಟ್ಟೆ. ವೇದಿಕೆಯ ಮೇಲೆ ನಡೆಯುವುದು ಹಿಂದೆ ಕೂತವರಿಗೂ ಕಾಣಲೆಂದು. ಸಾಹುಕಾರರ ಮಗಳು ಸುಮಂಗಲಾ ಆವತ್ತು ಬಂದಿದ್ದಳು. ಕಮಲಾಪುರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಳು. ಬಳುಕುವ ಮೈಕಟ್ಟಿನ, ಚುರುಕು ಬಾಯಿಯ ಹುಡುಗಿ, ನನ್ನನ್ನು ಕಾಕಾ ಎಂದೇ ಕರೆಯುವವಳು. ವೇದಿಕೆ ಹತ್ತಿ ಮದುಮಕ್ಕಳಿಗೆ ಉಡುಗೊರೆ ಕೊಟ್ಟು ಇಳಿದಳು. ಹೆಂಗಸರ ನಡುವೆ ಬಹಳ ಹಿಂದೆ ಕೂತಿದ್ದ ವರನ ತಾಯಿ ಪರದೆಯ ಮೇಲೆ ಅವಳನ್ನು ನೋಡಿ, "ಈಕಿ ಯಾರ ಮನಿ ಹುಡುಗಿ? ಮೈಕೈ ತುಂಬ್ಕೊಂಡು ಎಷ್ಟು ಚಂದ ಅದಾಳ!" ಎಂದರಂತೆ. ತಿಂಗಳೊಪ್ಪತ್ತಿನಲ್ಲಿ ಅವರ ಕಿರಿಯ ಮಗ ಮಂಜುನಾಥನಿಗೆ ಸುಮಂಗಲಾಳನ್ನು ಕೇಳಿಕೊಂಡು ಹೇಳಿಕಳಿಸಿದರು.

ಸಾಹುಕಾರರ ಸಂತೋಷ ಕೇಳಬೇಡಿ. ಸುಮಂಗಲಾಳಿಗೂ ಮನಸ್ಸಿತ್ತು. ಅದೇ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಅವನೊಂದಿಗೆ ನಾಲ್ಕು ಮಾತಾಡಿದ್ದಳಂತೆ. "ಚಲೋ ಮನಶಾ ಅದಾನ, ಚಿಗವ್ವ. ನಾವು ಹೇಳೋದು ಕೇಳಿ ಮಾತಾಡ್ತಾನ" ಎಂದು ಶಾಂತಾಳ ಹತ್ತಿರ ಹೇಳಿ ನಾಚಿಕೊಂಡಿದ್ದಳು.

ಹೆಣ್ಣು ನೋಡಲು ಬಂದರು. ತಂದೆ, ತಾಯಿ, ಹುಡುಗ, ಗೌರಮ್ಮಜ್ಜಿ. ಕೆಳಗೆ ಅಂಗಡಿ, ಮೇಲೆ ಸಾಹುಕಾರರ ಮನೆ. ಶಾಂತಾ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿಕೊಡಲು ಮೇಲೆ ಹೋಗಿದ್ದಳು. ಅಲ್ಲಿ ಮೊದಲು ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದ್ದು. ಸುಮಂಗಲಾ ತಟ್ಟೆ ಹಿಡಿದು ಬಂದಳು. ಹುಡುಗನ ತಾಯಿ ತಲೆಯಿಂದ ಕಾಲಿನವರೆಗೆ ನೋಡಿ ಮಂಕಾದರು.

"ಆವತ್ತು ಮೈತುಂಬಿ ಇದ್ಲಲ್ರೀ. ಇಷ್ಟರಾಗ ಹಿಂಗ್ಯಾಕ ಇಳದ್ಲು? ಏನಾರ ಆರಾಮಿದ್ದಿಲ್ಲೇನು?"

"ಇಲ್ರೀ, ಆಕಿ ಮೊದ್ಲಿಂದ ಹಿಂಗ ಅದಾಳ" ಎಂದರು ಸಾಹುಕಾರರು.

"ನಾನು ಕಣ್ಣಾರೆ ನೋಡೀನಲ್ರೀ. ಏನಾರ ಇದ್ರ ಹೇಳ್ರಿ, ಮುಚ್ಚಿಡಬ್ಯಾಡ್ರಿ."

ಮಾತು ಅಲ್ಲಿಗೆ ಬಂದು ನಿಂತಿತು. ಹುಡುಗಿಗೆ ಏನೋ ಕಾಯಿಲೆ ಎಂಬ ಸುದ್ದಿ ಆ ಮನೆಯ ಮೆಟ್ಟಿಲಿಳಿದರೆ ಕಂಪ್ಲಿಯಿಂದ ಸಂಡೂರಿನ ತನಕ ಹೋಗಲು ಎಷ್ಟು ಹೊತ್ತು? ಈ ಸಂಬಂಧ ಮಾತ್ರವಲ್ಲ, ಮುಂದೆ ಬರುವ ಸಂಬಂಧಗಳೂ ತಪ್ಪುತ್ತಿದ್ದವು. ಬೆವರಿದ ಸಾಹುಕಾರರ ಬಾಯಿಂದ ಕೊನೆಗೂ ಸತ್ಯ ಹೊರಬಿತ್ತು.

"ಅದು ನಮ್ಮ ಮಷೀನಿನ ಆಟರೀ. ಪರದಿ ಭರ್ತಿ ಮಾಡಾಕ ಎಲ್ಲಾರ್ನೂ ಅಗಲ ಮಾಡಿರ್ತೀವಿ."

ಹುಡುಗನ ತಂದೆ ನಕ್ಕರು. ನಂಬಿದ ನಗುವಲ್ಲ ಅದು. "ನಮ್ಮ ಗಿರಣ್ಯಾಗೂ ಮಷೀನ್ ಅದಾವ್ರೀ. ಸಣ್ಣಕ್ಕಿ ಹಾಕಿದ್ರ ದಪ್ಪಕ್ಕಿ ಬರಂಗಿಲ್ಲ."

ಆಗಲೇ ಸುಮಂಗಲಾ ತಟ್ಟೆ ಕೆಳಗಿಟ್ಟು, ದಡದಡ ಮೆಟ್ಟಿಲಿಳಿದು ಅಂಗಡಿಗೆ ಬಂದದ್ದು. ಕಣ್ಣು ತುಂಬಿತ್ತು, ದನಿ ಗಟ್ಟಿ ಇತ್ತು.

"ಕಾಕಾ, ಪ್ರೊಜೆಕ್ಟರ್ ತಗೊಂಡು ಮ್ಯಾಲ ಬರ್ರಿ. ಕಂಪ್ಲಿ ಲಗ್ನದ ಕ್ಯಾಸೆಟ್ಟೂ ತರ್ರಿ."

"ಅಪ್ಪಾರು ಹೇಳಿದ್ರೇನವ್ವ?"

"ನಾನು ಹೇಳಾಕ ಹತ್ತೀನಿ."

ಮಟಮಟ ಮಧ್ಯಾಹ್ನ. ಕಿಟಕಿಗಳಿಗೆ ಅಂಗಡಿಯ ಟಾರ್ಪಾಲನ್ನೇ ಇಳಿಬಿಟ್ಟೆವು. ಬಿಳಿ ಗೋಡೆಯೇ ಪರದೆ. ನಾನು ಅಭ್ಯಾಸಬಲದಿಂದ ಮೊದಲು ರೊಟ್ಟಿ ಬಿಟ್ಟೆ, ಫುಲ್ ಇಟ್ಟು. ಗೋಡೆಯ ಮೇಲೆ ತತ್ತಿಯ ಆಕಾರದ ರೊಟ್ಟಿ. "ಇದ್ಯಾವ ಹೆಣ್ಮಗಳು ತಟ್ಟ್ಯಾಳವ್ವ!" ಎಂದು ಹುಡುಗನ ತಾಯಿ ಬಾಯಿಬಿಟ್ಟರು. ಅಡುಗೆಮನೆಯ ಬಾಗಿಲಲ್ಲಿದ್ದ ಶಾಂತಾ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ನಾರ್ಮಲ್ ಒತ್ತಿದೆ. ಪಟಕ್ಕನೆ ರೊಟ್ಟಿ ದುಂಡಗಾಯಿತು. ಶಾಂತಾಳ ಮಾನ ಉಳಿಯಿತು.

ಆಮೇಲೆ ಕ್ಯಾಸೆಟ್ಟು. ಸುಮಂಗಲಾ ವೇದಿಕೆ ಹತ್ತುತ್ತಿದ್ದಾಳೆ, ಗುಂಡುಗುಂಡಗೆ. ಬಟನ್ ಒತ್ತಿದೆ, ಇದ್ದಂತೆಯೇ ಸಪೂರವಾದಳು. ಮತ್ತೆ ಒತ್ತಿದೆ, ಮತ್ತೆ ದಪ್ಪ. ಅದೇ ಹೊತ್ತಿಗೆ ಪರದೆಯ ಮೇಲೆ ಮಂಜುನಾಥನೂ ಬಂದ, ಎರಡು ಕೆನ್ನೆ ಉಬ್ಬಿಸಿಕೊಂಡು. ಸುಮಂಗಲಾ ಅವನ ತಾಯಿಯ ಕಡೆ ತಿರುಗಿ, "ಇವ್ರೂ ಆವತ್ತಿಗೂ ಇವತ್ತಿಗೂ ಭಾಳ ಇಳದಾರಲ್ರೀ ಅತ್ತಿ? ಏನಾರ ಆರಾಮಿದ್ದಿಲ್ಲೇನು?" ಎಂದಳು. ಮೊದಲು ನಕ್ಕವನು ಹುಡುಗನೇ. ಆಮೇಲೆ ತಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು. ‘ಅತ್ತಿ’ ಎಂದದ್ದನ್ನು ಯಾರೂ ತಿದ್ದಲಿಲ್ಲ. ಮದುವೆ ಆಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಆ ದಿನ ಅಲ್ಲಿಗೆ ಮುಗಿಯಲಿಲ್ಲ.

ನಗು ಇಳಿದ ಮೇಲೆ ಗೌರಮ್ಮಜ್ಜಿ ಮಾತಾಡಿದರು. ಅಲ್ಲಿಯವರೆಗೆ ಅವರು ಒಂದು ಮಾತೂ ಆಡಿರಲಿಲ್ಲ.

"ತಮ್ಮಾ, ಆವತ್ತು ನಮ್ಮ ಯಜಮಾನ್ರನ್ನೂ ಹಿಂಗ ಅಗಲ ಮಾಡಿ ತೋರ್ಸಿದ್ಯೇನು?"

"ಹೌದ್ರೀ, ಅಮ್ಮಾ."

ಅಜ್ಜಿ ಕೈ ನೋಡಿಕೊಂಡು ಹೇಳಿದರು. "ಮನ್ಯಾಗಿರೋದು ಅವ್ರು ಮುದುಕರಾದ ಮ್ಯಾಲಿನ ಫೋಟೋ. ಲಗ್ನ ಆದಾಗಿನ ಅವ್ರ ಮುಖ ನನ್ನ ತಲ್ಯಾಗಷ್ಟೇ ಇತ್ತು. ಆವತ್ತು ಎಲ್ಲಾರೂ ಕೈ ಮುಗದ್ರು. ನನಗ ಗುರ್ತು ಸಿಗಲಿಲ್ಲ. ಯಾರೋ ಬ್ಯಾರೆಯವ್ರು ನಿಂತಂಗಿತ್ತು. ನನಗ ಅರಳುಮರಳು ಹತ್ತಿತು, ಅವ್ರ ಮುಖಾನೂ ಮರತೆ ಅಂತ ತಿಳ್ಕೊಂಡೆ. ಯಾರ ಮುಂದೂ ಹೇಳಿಲ್ಲ. ಅವತ್ತಿಂದ ಕಣ್ಣು ಮುಚ್ಚಿದ್ರ ಅದೇ ಹೆದರಿಕಿ."

ಅವರ ಮಗ, ಹುಡುಗನ ತಂದೆ, ತಲೆ ತಗ್ಗಿಸಿ ಕೂತರು.

ಫೋಟೋ ಅಂಗಡಿಯ ಕಂಪ್ಯೂಟರಿನಲ್ಲಿತ್ತು, ತಂದು ಹಚ್ಚಿದೆ. ನಾರ್ಮಲ್. ಗೋಡೆಯ ನಡುವೆ, ಎರಡು ಕರಿ ಪಟ್ಟಿಗಳ ಮಧ್ಯೆ, ಕಡ್ಡಿಯಂಥ ಒಬ್ಬ ಹುಡುಗ ಸೈಕಲ್ ಹಿಡಿದು ನಿಂತಿದ್ದ. ಸೈಕಲ್ಲಿನ ಗಾಲಿಗಳು ದುಂಡಗಿದ್ದವು. ಅಜ್ಜಿ ಎದ್ದು ಹತ್ತಿರ ಹೋದರು. ಅವರ ನೆರಳೇ ಅವನ ಮೇಲೆ ಬಿತ್ತು. ಪಕ್ಕಕ್ಕೆ ಸರಿದು ನಿಂತರು.

"ಇವ್ರೇ" ಎಂದರು. "ಇವ್ರೇ ನೋಡು. ಒಂದು ಭುಜ ಇಳಿಸಿ ನಿಲ್ಲೋದು. ಹಂಗ ನಿಲ್ಲಬ್ಯಾಡ್ರಿ ಅಂತ ಎಷ್ಟು ಬೈದೀನಿ." ಮತ್ತೆ ಸ್ವಲ್ಪ ಹೊತ್ತಿಗೆ, "ನಾನು ಮರತಿಲ್ಲ" ಎಂದರು. ನಮಗೆ ಹೇಳಿದಂತಿರಲಿಲ್ಲ.

ಆಮೇಲೆ ಗೋಡೆಗೆ ಬೆರಳು ತೋರಿಸಿ ಕೇಳಿದರು, "ಈ ಕಡೀ ಆ ಕಡೀ ಕರೇದೇನದು?"

ಇಷ್ಟು ವರ್ಷ ಆ ಪಟ್ಟಿಯನ್ನು ಕಂಡರೆ ಉರಿದುಬೀಳುತ್ತಿದ್ದ ಸಾಹುಕಾರರೇ ಉತ್ತರ ಕೊಟ್ಟರು. "ಅದು ಖಾಲಿ ಜಾಗಾರೀ, ಅಮ್ಮಾ. ಅವ್ರು ಅವ್ರಂಗ ಇರಾಕ ಬಿಟ್ಟಿದ್ದು."

ಅಜ್ಜಿ ಕೂರಲಿಲ್ಲ. ಮಿರ್ಚಿ ಆರಿತು, ಚಹಾ ಆರಿತು. ಪ್ರೊಜೆಕ್ಟರಿನ ಫ್ಯಾನಿನ ಗಾಳಿ ಬಿಸಿಯಾಗಿ ನನ್ನ ಕೈಗೆ ಬಡಿಯತೊಡಗಿತು. ಇನ್ನು ಲ್ಯಾಂಪ್ ಆರಿಸು ಎಂಬ ಸಾಹುಕಾರರ ಕೂಗು ಬರುತ್ತದೆ ಎಂದು ನಾನೇ ಮುಂದಾಗಿ ರಿಮೋಟ್ ಎತ್ತಿದೆ. ಅವರು ನನ್ನ ಕೈ ಹಿಡಿದರು.

"ಇರ್ಲಿ ಬಿಡೋ, ಹನುಮಂತಾ" ಎಂದರು ಮೆತ್ತಗೆ. "ಉರೀಲಿ."